ಗೊರಕೆ ನಿಂತ ಮೇಲಿನ ಒಂದು ತಾಸು

ಗಂಡ ಗೊರಕೆ ಹೊಡೆಯುತ್ತಾನೆ ಎಂದು ಹೇಳಿದರೆ ಯಾರೂ ಅಯ್ಯೋ ಎನ್ನುವುದಿಲ್ಲ, ನಗುತ್ತಾರೆ. ಮುಂಬಯಿಯ ಮುಲುಂಡದಲ್ಲಿರುವ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಹೆಂಗಸರು ಸಂಜೆ ಕೆಳಗಿನ ಬೆಂಚಿನ ಮೇಲೆ ಕೂತಾಗ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯ ಗೊರಕೆಯ ವರ್ಣನೆ ಮಾಡುತ್ತಾರೆ. ನಾನು ಸುಮ್ಮನೆ ಬಟಾಣಿ ಸುಲಿಯುತ್ತಾ ಕೇಳುತ್ತೇನೆ. ಕೋಣೆಗೊಂದು ಬಾಗಿಲು, ಬಾಗಿಲಿಗೊಂದು ಚಿಲಕ ಇದ್ದವರಿಗೆ ಗೊರಕೆ ಅಂದರೆ ಏನು ಗೊತ್ತು ಎಂದು ಒಳಗೊಳಗೇ ಸಿಟ್ಟು ಬರುತ್ತದೆ. ಗೊರಕೆಯ ಜೊತೆ ಬಾಳುವುದು ಹೇಗೆ ಎಂದು ನನಗೆ ಕಲಿಸಿದ್ದು ಕುರ್ಲಾದ ಚಾಳು, ಸಾಲು ಸಾಲು ಒಂಟಿಕೋಣೆಯ ಮನೆಗಳ ವಠಾರ.

ಮದುವೆಯಾಗಿ ಬಾಗಲಕೋಟೆ ಕಡೆಯಿಂದ ಕುರ್ಲಾಕ್ಕೆ ಬಂದಾಗ ನನಗೆ ಇಪ್ಪತ್ತೊಂದು ವರ್ಷ. ಇವರು ಹತ್ತಿರದ ಒಂದು ಸಣ್ಣ ಕಾರ್ಖಾನೆಯಲ್ಲಿ ಲೇತ್ ಮಷೀನಿನ ಮೇಲೆ ಕೆಲಸ ಮಾಡುತ್ತಿದ್ದರು. ನಮ್ಮದು ಎರಡನೆಯ ಮಹಡಿಯಲ್ಲಿ ಒಂದೇ ಒಂದು ಖೋಲಿ. ಒಂದು ಮೂಲೆಯಲ್ಲಿ ಪಾತ್ರೆ ತೊಳೆಯಲು, ಮೈ ತೊಳೆಯಲು ಮೊಣಕಾಲೆತ್ತರದ ಕಟ್ಟೆ ಕಟ್ಟಿದ ಮೋರಿ, ಇನ್ನೊಂದು ಮೂಲೆಯಲ್ಲಿ ಸ್ಟೋವ್, ನಡುವೆ ಹಳೆಯ ಸೀರೆಯ ಪರದೆ. ಪರದೆಯ ಆಚೆ ಅತ್ತೆ, ಈಚೆ ನಾವಿಬ್ಬರು. ನಮಗೂ ಪಕ್ಕದ ಮನೆಗೂ ನಡುವೆ ಇಟ್ಟಿಗೆಯ ಗೋಡೆ ಇರಲಿಲ್ಲ. ಬರೀ ಹಲಗೆ ಬಡಿದು ಮೇಲೆ ಬಣ್ಣ ಬಳಿದಿದ್ದರು.

ಮೊದಲ ರಾತ್ರಿಯೇ ನಾನು ಗಾಬರಿಯಿಂದ ಎದ್ದು ಕೂತೆ. ಇಷ್ಟು ತೆಳ್ಳಗಿನ ಮನುಷ್ಯನ ಒಳಗಿನಿಂದ ಅಷ್ಟು ದೊಡ್ಡ ಸದ್ದು ಹೇಗೆ ಬರುತ್ತದೆ ಎಂದು ತಿಳಿಯಲಿಲ್ಲ. ಪರದೆಯ ಆಚೆಯಿಂದ ಅತ್ತೆ ನಿದ್ದೆಗಣ್ಣಲ್ಲೇ ಹೇಳಿದಳು: “ಅವರಪ್ಪನೂ ಹಿಂಗ ಇದ್ದ. ರೂಢಿ ಆಕ್ಕೈತಿ, ಮಲಕೋ.” ಆಕೆಗೆ ರೂಢಿಯಾಗಿತ್ತು, ನಿಜ. ನನಗೆ ಆಗಲಿಲ್ಲ. ಒಂದು ತಿಂಗಳಲ್ಲಿ ಕಣ್ಣ ಕೆಳಗೆ ಕಪ್ಪಾಯಿತು. ಬೆಳಿಗ್ಗೆ ರೊಟ್ಟಿ ಬಡಿಯುವಾಗ ಕೂತಲ್ಲೇ ತೂಕಡಿಸುತ್ತಿದ್ದೆ. ಇವರನ್ನು ಕೇಳಿದರೆ, “ನಾನಾ? ಗೊರಕಿನಾ? ಏ, ಬಾಜೂದ ಮನಿದು ಕೇಳಿರಬೇಕ ನಿನಗ” ಎನ್ನುತ್ತಿದ್ದರು.

ಬಾಜೂದ ಮನೆ ಖಾಲಾನದು. ಆಕೆಯದೂ ನಮ್ಮ ಕಡೆಯ ಊರೇ. ಮನೆಯೊಳಗೆ ದಖನಿ ಉರ್ದು, ನಮ್ಮ ಜೊತೆ ಅಪ್ಪಟ ಕನ್ನಡ. ವಯಸ್ಸಿನಲ್ಲಿ ನನ್ನ ಅವ್ವನಿಗಿಂತ ಸ್ವಲ್ಪ ಸಣ್ಣವಳು. ಬಾಗಿಲುಗಳ ಮುಂದಿನ ಉದ್ದ ಗ್ಯಾಲರಿಯ ಹಿಂದೂಗಳು ಮುಸಲ್ಮಾನರು ಎಲ್ಲರೂ ಆಕೆಯನ್ನು ಖಾಲಾ, ಅಂದರೆ ಚಿಕ್ಕಮ್ಮ, ಎಂದೇ ಕರೆಯುತ್ತಿದ್ದರು. ಮನೆಮನೆಗೂ ಬುರ್ಖಾ, ಬ್ಲೌಸು ಹೊಲಿದುಕೊಟ್ಟು ಸಂಸಾರ ಸಾಗಿಸುತ್ತಿದ್ದಳು. ನನ್ನ ಕಣ್ಣು ನೋಡಿ ಒಂದು ದಿನ ಆಕೆಯೇ ಉಪಾಯ ಹೇಳಿದಳು. “ಅಂಗಾತ ಮಲಗಿದ್ರ ಗೊರಕಿ ಬರ್ತೈತಿ ತಂಗಿ. ಮಗ್ಗಲಾದ್ರ ಬರೂದಿಲ್ಲ. ಬೆನ್ನಿಗೆ ಏನರ ಒತ್ತಂಗ ಮಾಡು.”

ಉಪಾಯ ಹೇಳಿದ್ದು ಆಕೆ, ಆದರೆ ತಲೆ ಓಡಿಸಿದ್ದು ನಾನು. ಇವರ ಬನಿಯನ್ನಿನ ಬೆನ್ನಿಗೆ ಒಂದು ಜೇಬು ಹೊಲಿದು, ಅದರೊಳಗೆ ಒಣಕೊಬ್ಬರಿಯ ಒಂದು ಬಟ್ಟಲು ಇಟ್ಟು ಬಾಯಿ ಹೊಲಿದೆ. ದಿನವೆಲ್ಲ ಮಷೀನಿನ ಮುಂದೆ ನಿಂತು ಬಂದವರಿಗೆ ಉಂಡ ಮೇಲೆ ಮೈಮೇಲೆ ಎಚ್ಚರ ಇರುತ್ತಿರಲಿಲ್ಲ, ಹಾಗಾಗಿ ಬನಿಯನ್ ತೊಡುವಾಗ ಗೊತ್ತಾಗಲಿಲ್ಲ. ಮಲಗಿದರು, ಅಂಗಾತವಾಗಿ ಸದ್ದು ಶುರು ಮಾಡಿದರು, ಹೊರಳಾಡಿದರು, ಒಂದಿಷ್ಟು ಗೊಣಗಿದರು, ಕೊನೆಗೆ ಎರಡು ಗಂಟೆಯ ಸುಮಾರಿಗೆ ಮಗ್ಗುಲಾದರು. ಸದ್ದು ನಿಂತಿತು. ಮದುವೆಯಾದ ಮೇಲೆ ಮೊದಲ ಸಲ ನಾನು ಕಣ್ಣು ತುಂಬ ನಿದ್ದೆ ಮಾಡಿದೆ.

ಎಷ್ಟು ಹೊತ್ತು ಮಲಗಿದ್ದೆನೋ, ಬಾಗಿಲು ಬಡಿಯುವ ಸದ್ದಾಯಿತು. ತೆಗೆದರೆ ಖಾಲಾ. ಆಕೆಯ ಹಿಂದೆ ಗ್ಯಾಲರಿಯ ಇನ್ನೂ ಮೂರು ಹೆಂಗಸರು, ಒಬ್ಬೊಬ್ಬರ ಸೊಂಟದಲ್ಲೂ ಕೊಡ.

“ನಿನ್ನ ಗಂಡಗ ಏನಾತು?” ಎಂದಳು ಖಾಲಾ. ಮುಖದಲ್ಲಿ ಬೆವರು.

“ಏನೂ ಆಗಿಲ್ಲ. ಮಲಗ್ಯಾರ.”

“ಖರೇನ ಮಲಗ್ಯಾನಾ? ಒಳಗ ಹೋಗಿ ಮುಟ್ಟಿ ನೋಡು.”

ಮುಟ್ಟಿ ನೋಡಿ ಬಂದೆ. ಬೆಚ್ಚಗಿದ್ದರು. ಹಾಗೆಂದಾಗ ಹಿಂದಿದ್ದ ಮೂವರಲ್ಲಿ ಒಬ್ಬಳು ಕೊಡವನ್ನು ನೆಲಕ್ಕೆ ಕುಕ್ಕಿ, “ಎರಡ ತಾಸಾತು ನಳದ ಮುಂದ ನಿಂತು” ಎಂದು ಬೈಯತೊಡಗಿದಳು. ಆಗ ನನಗೆ ಸಂಗತಿ ತಿಳಿಯಿತು.

ಚಾಳಿನಲ್ಲಿ ನೀರು ಬರುತ್ತಿದ್ದದ್ದು ಬೆಳಗಿನ ಜಾವ ನಾಲ್ಕೂವರೆಗೆ, ಒಂದು ತಾಸು ಮಾತ್ರ, ಕೆಳಗಿನ ಅಂಗಳದ ಒಂದೇ ನಳಕ್ಕೆ. ಇವರು ಮೊದಲ ಪಾಳಿಯವರಾದ್ದರಿಂದ ದಿನಾ ನಾಲ್ಕು ಕಾಲಿಗೆ ಸರಿಯಾಗಿ ಏಳುತ್ತಿದ್ದರು, ಸಂಡಾಸದ ಮುಂದೆ ಸಾಲು ಬೆಳೆಯುವ ಮೊದಲು ಹೋಗಿಬರಲು. ಅಲಾರಾಂ ಇಟ್ಟರೆ ಸುತ್ತಲಿನ ಮನೆಗಳ ಕೂಸುಗಳೆಲ್ಲ ಎದ್ದು ಅಳುತ್ತವೆ ಎಂದು ನಮ್ಮ ಗ್ಯಾಲರಿಯಲ್ಲಿ ಯಾರೂ ಅಲಾರಾಂ ಇಡುತ್ತಿರಲಿಲ್ಲ. ಅವರಿಗೆ ಇವರ ಗೊರಕೆಯೇ ಗಡಿಯಾರ. ಓಡುವ ಗಾಡಿ ನಿಂತಾಗ ಒಳಗೆ ಮಲಗಿದ್ದವರಿಗೆ ಎಚ್ಚರವಾಗುತ್ತದಲ್ಲ, ಹಾಗೆ ಗೊರಕೆ ನಿಂತರೆ ಆಚೆ ಎರಡು, ಈಚೆ ಎರಡು ಮನೆಯ ಹೆಂಗಸರು ಎದ್ದು ಕೊಡ ಹಿಡಿದು ಕೆಳಗಿಳಿಯುತ್ತಿದ್ದರು. ಅಂದು ಅದು ಎರಡಕ್ಕೇ ನಿಂತಿತ್ತು, ಅವರೂ ಎರಡಕ್ಕೇ ಇಳಿದಿದ್ದರು. ನಾನು ಬರುವ ಎಷ್ಟೋ ವರ್ಷ ಮೊದಲಿನಿಂದ ಇದು ನಡೆದುಬಂದಿತ್ತು. ಹೊಸ ಸೊಸೆಗೆ ಯಾರೂ ಹೇಳಿರಲಿಲ್ಲ, ಅಷ್ಟೇ. ಅತ್ತೆಗೆ ಗೊತ್ತಿತ್ತು, ಆದರೆ ಕೊಬ್ಬರಿಯ ವಿಷಯ ಅತ್ತೆಗೆ ಗೊತ್ತಿರಲಿಲ್ಲ. ಖಾಲಾಗಂತೂ ತಾನು ಹೇಳಿದ ಉಪಾಯ ತನ್ನ ನೀರಿಗೇ ಮುಳುವಾಗುತ್ತದೆ ಎಂದು ಹೊಳೆದೇ ಇರಲಿಲ್ಲ.

ಬೆಳಿಗ್ಗೆ ಬನಿಯನ್ ಬಿಚ್ಚಿದಾಗ ಕೊಬ್ಬರಿ ಬಟ್ಟಲು ಸಿಕ್ಕಿತು. ಇವರು ಅದನ್ನು ಕೈಯಲ್ಲಿ ಹಿಡಿದು ಹಿಂದೆ ಮುಂದೆ ತಿರುಗಿಸಿ ನೋಡಿದರು, ನನ್ನನ್ನು ನೋಡಿದರು. ಅತ್ತೆ ಅದನ್ನು ಕಸಿದುಕೊಂಡು, ತೊಳೆದು, ಒಣಗಿಸಿ, ಮರುದಿನ ಚಟ್ನಿಪುಡಿಗೆ ಹಾಕಿದಳು. ಆ ಚಟ್ನಿಪುಡಿಯನ್ನು ನಾನು ಮಾತ್ರ ತಿನ್ನಲಿಲ್ಲ.

ಕೊಬ್ಬರಿ ಸಿಕ್ಕ ದಿನವೇ ಮಧ್ಯಾಹ್ನ ಖಾಲಾನ ಮನೆಯಲ್ಲಿ ಹೆಂಗಸರೆಲ್ಲ ಸೇರಿದರು. ನನ್ನನ್ನೂ ಕರೆದರು. ಗೊರಕೆ ನಿಲ್ಲಿಸಕೂಡದು ಎಂಬುದು ಅವರ ತೀರ್ಮಾನ. ನನಗೆ ತಡೆಯಲಾಗಲಿಲ್ಲ, ಅಳು ಬಂದುಬಿಟ್ಟಿತು. “ನಿಮಗೆಲ್ಲ ನೀರಿನ ಚಿಂತಿ. ನನ್ನ ನಿದ್ದಿ ಯಾರ ಕೊಡ್ತೀರಿ?” ಎಂದು ಕೂಗಿದೆ. ಹೊಸದಾಗಿ ಬಂದ ಹುಡುಗಿ ಹಾಗೆ ಕೂಗಬಾರದಿತ್ತು. ಖಾಲಾ ಹೊಲಿಗೆ ಮಷೀನಿನ ಚಕ್ರದ ಮೇಲೆ ಕೈಯಿಟ್ಟು ಯೋಚನೆ ಮಾಡಿದಳು.

“ಹಿಂಗ ಮಾಡೂಣು” ಎಂದಳು. “ನಿನ್ನ ಗಂಡ ನಮ್ಮನ್ನ ಎಬ್ಬಸ್ತಾನ. ನಿನ್ನ ನೀರು ನಾವು ತುಂಬ್ತೀವಿ. ರಾತ್ರಿ ಎರಡ ಕೊಡ ಬಾಗಲ ಹೊರಗ ಇಡು. ಗೊರಕಿ ನಿಂತ ಮ್ಯಾಲ ನೀ ಏಳಬ್ಯಾಡ. ಆ ಒಂದ ತಾಸು ನಿಂದು.”

ಸೊಸೆ ಮಲಗಿದ್ದು ನೆರೆಯವರು ನೀರು ತುಂಬುವುದೆಂದರೆ ನಮ್ಮತ್ತೆಗೆ ಹೇಗೆ ಸರಿಹೋದೀತು? ಅದರಲ್ಲೂ ಖಾಲಾ ಮುಟ್ಟಿದ ನೀರು. ಮೊದಲ ಎಂಟು ದಿನ ಪೂಜೆಯ ತಂಬಿಗೆಯನ್ನು ತಾನೇ ಹಿಡಿದು ಗೊಣಗುತ್ತಾ ಕೆಳಗಿಳಿದಳು. ಒಂಬತ್ತನೆಯ ದಿನ ಮಳೆ ಜೋರಾಗಿತ್ತು. ಅಂದು ತಂಬಿಗೆಯೂ ಕೊಡಗಳ ಪಕ್ಕ ಬಾಗಿಲ ಹೊರಗೆ ಹೋಗಿ ಕೂತಿತು. ಆಮೇಲೆ ಆ ಮಾತನ್ನು ಆಕೆಯೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಆ ಒಂದು ತಾಸಿನ ನಿದ್ದೆಯನ್ನು ನಾನು ಹೇಗೆ ಹೇಳಲಿ! ನಾಲ್ಕು ಕಾಲಿಗೆ ಸದ್ದು ನಿಲ್ಲುತ್ತಿತ್ತು. ಇವರು ಕತ್ತಲಲ್ಲೇ ಎದ್ದು, ಲುಂಗಿ ಸರಿಮಾಡಿಕೊಂಡು, ಸಂಡಾಸದ ತಂಬಿಗೆ ಹುಡುಕುತ್ತಿದ್ದರು. ನಾನು ಅಭ್ಯಾಸಬಲದಿಂದ ಏಳಲು ಹೋದರೆ ನನ್ನ ತಲೆಯ ಮೇಲೆ ಕೈಯಿಟ್ಟು ಮೆಲ್ಲಗೆ ಹೇಳುತ್ತಿದ್ದರು: “ನೀರ ತುಂಬಾಕತ್ತಾರ. ನೀ ಮಲಕೋ.” ಕೆಳಗೆ ಕೊಡದಿಂದ ಕೊಡಕ್ಕೆ ನೀರು ಬೀಳುವ ಸದ್ದು, ಹೆಂಗಸರ ಸಣ್ಣ ಜಗಳ, ಮೆಟ್ಟಿಲ ಮೇಲೆ ಖಾಲಾನ ಚಪ್ಪಲಿ, ಎಲ್ಲವೂ ದೂರದಿಂದ ಕೇಳಿಸುತ್ತಿದ್ದವು. ನನಗಾಗಿ ಯಾರೋ ಎದ್ದಿದ್ದಾರೆ ಎಂಬ ಧೈರ್ಯದಲ್ಲಿ ಬರುವ ನಿದ್ದೆ ಅದು. ತವರಿನಲ್ಲೂ ನಾನು ಅಂಥ ನಿದ್ದೆ ಮಾಡಿರಲಿಲ್ಲ.

ಇವರಿಗೆ ಮಾತ್ರ ಅಂದಿನಿಂದ ಕೋಡು ಮೂಡಿತು. ಗ್ಯಾಲರಿಯಲ್ಲಿ ನಡೆಯುವಾಗ ಎಲ್ಲರಿಗೂ ಉಪಕಾರ ಮಾಡಿದವರ ಗತ್ತು. ಊರಿಗೆ ಹೋಗುವುದಿದ್ದರೆ ಎರಡು ದಿನ ಮೊದಲೇ ಗ್ಯಾಲರಿಯಲ್ಲಿ ಹೇಳಿ ಹೋಗುತ್ತಿದ್ದರು.

ಇನ್ನೊಂದು ಸಂಗತಿ ಉಂಟು, ಅದನ್ನು ಆಗ ನಾನು ಸಂಗತಿಯೆಂದೇ ತಿಳಿದಿರಲಿಲ್ಲ. ರಾತ್ರಿ ಎಷ್ಟೋ ಸಲ ಗೊರಕೆ ನಡುವೆಯೇ ಕಟ್ಟುತ್ತಿತ್ತು. ಜೋರಾಗಿ ಎಳೆದ ಉಸಿರು ಹೊರಗೇ ಬರುತ್ತಿರಲಿಲ್ಲ. ನಾನು ಎಣಿಸುತ್ತಿದ್ದೆ. ಹತ್ತು, ಹನ್ನೆರಡು, ಹದಿನೈದು. ಆಮೇಲೆ ರೇಗಿ ಮೊಣಕೈಯಿಂದ ತಿವಿಯುತ್ತಿದ್ದೆ, “ಹೊಳ್ಳಿ ಮಲಕೋರಿ.” ಒಮ್ಮೆ ಗುಟುಕು ಹಾಕಿದಂತೆ ಉಸಿರೆಳೆದು ಮತ್ತೆ ಶುರು ಮಾಡುತ್ತಿದ್ದರು. ಕೆಲವು ಸಲ ನನಗೆ ಜೊಂಪು ಹತ್ತಿದ್ದರೆ ಹಲಗೆಯ ಆಚೆಯಿಂದ ಖಾಲಾ ಬೆರಳಿನಿಂದ ಟಕಟಕ ಎಂದು ಬಡಿಯುತ್ತಿದ್ದಳು. ನೀರಿನ ಹೊತ್ತಿನ ಮೌನ ಯಾವುದು, ಈ ಮೌನ ಯಾವುದು ಎಂಬ ವ್ಯತ್ಯಾಸ ಆಕೆಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತೆಂಟು ವರ್ಷ ಹೀಗೆ ತಿವಿದಿದ್ದೇನೆ. ಎಲ್ಲ ಹೆಂಡಂದಿರೂ ತಿವಿಯುತ್ತಾರೆ ಎಂದುಕೊಂಡಿದ್ದೆ.

ಚಾಳು ಕೆಡವುವ ಮಾತು ಬಂದಾಗ ನಾವು ಖೋಲಿ ಬಿಟ್ಟೆವು. ಅಷ್ಟರಲ್ಲಿ ಅತ್ತೆ ತೀರಿಕೊಂಡಿದ್ದಳು. ಖಾಲಾ ಮಗನ ಮನೆಗೆ ಕಲ್ಯಾಣದ ಕಡೆ ಹೋದಳು. ನಾವು ಮುಲುಂಡದಲ್ಲಿ ಎರಡು ಕೋಣೆಯ ಮನೆಗೆ ಬಂದೆವು. ಒಂದು ನಮ್ಮದು, ಒಂದು ಚಾಳಿನಲ್ಲೇ ಹುಟ್ಟಿ ಬೆಳೆದ ನಮ್ಮ ಮಗಳದು. ಮೂರು ವರ್ಷದ ಹಿಂದೆ ಮಗಳು ಮದುವೆಯಾಗಿ ಸಯನ್‌ಗೆ ಹೋದಾಗ ಆಕೆಯ ಕೋಣೆ ಖಾಲಿಯಾಯಿತು. ಹೆತ್ತವಳಿಗೆ ಮಗಳು ಹೋದ ದುಃಖ ಇರಬೇಕು. ಇತ್ತು. ಆದರೆ ಸುಳ್ಳೇಕೆ ಹೇಳಲಿ, ಎಂಟೇ ದಿನಕ್ಕೆ ನನ್ನ ಚಾದರ, ದಿಂಬು ಆ ಕೋಣೆಗೆ ಹೋದವು. ಬಾಗಿಲು ಹಾಕಿದೆ, ಚಿಲಕ ಹಾಕಿದೆ, ಫ್ಯಾನ್ ಜೋರು ಮಾಡಿದೆ. ಏನೂ ಕೇಳಿಸಲಿಲ್ಲ. ಬೆಳಗಿನ ಏಳು ಗಂಟೆಯವರೆಗೆ ಮಲಗಿದೆ. ಇವರು ಬೇಡ ಎನ್ನಲಿಲ್ಲ. “ಪಾಪ, ನಿನಗೂ ನಿದ್ದಿ ಬೇಕಲ್ಲ” ಎಂದರು.

ಒಂದು ವರ್ಷ ಕಳೆದ ಮೇಲೆ ಇವರು ಹಗಲು ಹೊತ್ತು ತೂಕಡಿಸತೊಡಗಿದರು. ಸೊಸೈಟಿಯ ಮೀಟಿಂಗಿನಲ್ಲಿ ಕೂತಲ್ಲೇ ನಿದ್ದೆ. ಟಿವಿ ಮುಂದೆ ನಿದ್ದೆ. ಹಳೆಯ ಗೆಳೆಯರನ್ನು ನೋಡಲು ಕುರ್ಲಾಕ್ಕೆ ಹೋದವರು ಬರುವಾಗ ಲೋಕಲ್ ರೈಲಿನಲ್ಲಿ ನಿದ್ದೆ ಹೋಗಿ, ಮುಲುಂಡ ದಾಟಿ ಡೊಂಬಿವಲಿಯಲ್ಲಿ ಎಚ್ಚರವಾಗಿ ಫೋನ್ ಮಾಡಿದರು. ಒಂದು ಸಲ ಅಲ್ಲ, ಮೂರು ಸಲ. ನಾನು ಬೆಂಚಿನ ಹೆಂಗಸರಿಗೆ ಹೇಳಿಕೊಂಡು ನಕ್ಕೆ. ವಯಸ್ಸಾಯಿತು, ರಿಟೈರ್ ಆದರು, ಇನ್ನೇನು ಕೆಲಸ ಎಂದುಕೊಂಡೆ. ಕಳೆದ ವರ್ಷ ಒಂದು ಬೆಳಿಗ್ಗೆ ಚಹಾದ ಕಪ್ಪು ಹಿಡಿದವರು ಹಾಗೆಯೇ ನಿದ್ದೆ ಹೋದರು. ಬಿಸಿ ಚಹಾ ತೊಡೆಯ ಮೇಲೆ ಚೆಲ್ಲಿತು. ಅಂದು ನಗು ಬರಲಿಲ್ಲ.

ಮಗಳು ಬಂದಳು. “ಮಮ್ಮಿ, ಏ ನಾರ್ಮಲ್ ನಹೀ ಹೈ. ಪಪ್ಪಾನ... ಅದು, ಸ್ಲೀಪ್ ಟೆಸ್ಟ್ ಮಾಡಸಬೇಕು” ಎಂದು ತನ್ನ ಅರ್ಧ ಕನ್ನಡದಲ್ಲಿ ಗದರಿಸಿ, ಸಯನ್‌ನಲ್ಲಿ ಪರಿಚಯದ ಡಾಕ್ಟರಮ್ಮ ಒಬ್ಬರ ಹತ್ತಿರ ಕರೆದುಕೊಂಡು ಹೋದಳು. ಒಂದು ರಾತ್ರಿ ಮೈಗೆಲ್ಲ ವೈರು ಅಂಟಿಸಿ ಮಲಗಿಸಿದರು. ಮರುದಿನ ಡಾಕ್ಟರಮ್ಮ ಕಾಗದ ನೋಡುತ್ತಾ ನನ್ನನ್ನು ಹಿಂದಿಯಲ್ಲಿ ಕೇಳಿದರು, ನಿದ್ದೆಯಲ್ಲಿ ಇವರ ಉಸಿರು ನಿಲ್ಲುತ್ತದೆ, ನೀವು ಗಮನಿಸಿಲ್ಲವೇ ಎಂದು. ನಾನು ಬೇರೆ ಕೋಣೆಯಲ್ಲಿ ಮಲಗುತ್ತೇನೆ ಎಂದೆ. ಮೊದಲು? ಮೊದಲು ನಿಂತಾಗ ತಿವಿಯುತ್ತಿದ್ದೆ ಎಂದೆ. ಡಾಕ್ಟರಮ್ಮ ಪೆನ್ನು ಕೆಳಗಿಟ್ಟರು.

“ಅಷ್ಟು ವರ್ಷ ಉಸಿರು ಕಟ್ಟಿದಾಗ ನೀವು ಎಚ್ಚರಿಸುತ್ತಿದ್ದಿರಿ. ಈಗ ಎಚ್ಚರಿಸುವವರು ಇಲ್ಲ. ಇದು ಹೃದಯಕ್ಕೆ ಒಳ್ಳೆಯದಲ್ಲ” ಎಂದರು. ಆಕೆ ನನ್ನನ್ನು ಬೈದು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದರು. ತಿವಿಯುವುದೇನೂ ಔಷಧಿಯಲ್ಲ ಎಂದೂ ಹೇಳಿದರು. ನನಗೆ ಆ ಮಾತು ಕಿವಿಯೊಳಗೆ ಹೋಗಲೇ ಇಲ್ಲ. ಎರಡು ವರ್ಷಕ್ಕೂ ಮೇಲೆ ಚಿಲಕ ಹಾಕಿಕೊಂಡು ಮಲಗಿದ್ದೆನಲ್ಲ, ಗೋಡೆಯ ಆಚೆ ಎಷ್ಟು ಸಲ ಹದಿನೈದು ಎಣಿಸುವಷ್ಟು ಹೊತ್ತು ಉಸಿರಿಲ್ಲದೆ ಬಿದ್ದಿದ್ದರೋ ಎಂದು ಲೋಕಲ್‌ನಲ್ಲಿ ಬರುವಾಗ ಲೆಕ್ಕ ಹಾಕುತ್ತಾ ಕೂತೆ. ಇವರು ಎದುರಿನ ಸೀಟಿನಲ್ಲಿ ಬಾಯಿ ತೆರೆದು ನಿದ್ದೆ ಮಾಡುತ್ತಿದ್ದರು. ಘಾಟಕೋಪರದಿಂದ ಮುಲುಂಡದವರೆಗೆ ಅವರ ಎದೆ ಏರಿಳಿಯುವುದನ್ನೇ ನೋಡುತ್ತಾ ಬಂದೆ.

ಮೂಗಿಗೆ ಕಟ್ಟಿಕೊಳ್ಳುವ ಮಾಸ್ಕು, ಅದಕ್ಕೊಂದು ಪೈಪು, ಉಸಿರು ಕಟ್ಟದ ಹಾಗೆ ಗಾಳಿ ಊದುವ ಸಣ್ಣ ಮಷೀನು ಮನೆಗೆ ಬಂದವು. ಇವರು ಮೊದಲ ದಿನವೇ ಹಟ ಹಿಡಿದರು. “ಗಣಪತಿ ಸೊಂಡಿ ಕಟ್ಟಿದಂಗ ಆಗೈತಿ” ಎಂದು ಕಿತ್ತೆಸೆದರು. ಎರಡನೆಯ ದಿನವೂ ಕಿತ್ತರು. ಬದುಕೆಲ್ಲ ಮಷೀನಿನ ಜೊತೆ ಕಳೆದ ಮನುಷ್ಯ, ಅಂಗೈಯಗಲದ ಮಷೀನಿಗೆ ಹೆದರುವುದೇ ಎಂದು ನಾನು ರೇಗಾಡಿದೆ. ಮಗಳು ಫೋನಿನಲ್ಲಿ ಅತ್ತಳು. ಉಪಯೋಗವಾಗಲಿಲ್ಲ. ನಾಲ್ಕನೆಯ ದಿನ ಮಧ್ಯಾಹ್ನ ಊಟಕ್ಕೆ ಕೂತಾಗ ನಾನು ಜಗಳ ಬಿಟ್ಟು ನೇರ ಕೇಳಿದೆ, ಯಾಕೆ ಬೇಡ ಹೇಳಿರಿ ಎಂದು.

ರೊಟ್ಟಿ ಮುರಿದು ಪಲ್ಯಕ್ಕೆ ಹಚ್ಚಿದರು. “ಅದನ್ನ ಹಾಕ್ಕೊಂಡ್ರ ಸದ್ದು ಬರೂದಿಲ್ಲಂತ” ಎಂದರು. “ಸದ್ದು ಬರದಿದ್ರ ನಾ ಇದ್ದೇನೋ ಇಲ್ಲೋ ನಿನಗ ಹೆಂಗ ಗೊತ್ತಾಗಬೇಕು?”

“ನನಗ ಈಗರ ಎಲ್ಲಿ ಕೇಳಸ್ತೈತಿ?”

ಅವರು ಕೈ ನಿಲ್ಲಿಸಿ ನನ್ನನ್ನು ನೋಡಿದರು. “ಗ್ವಾಡಿ ಆಚೆ ಕೇಳಸೂದಿಲ್ಲಾ?”

“ಇಲ್ಲ.”

“ಖಾಲಾಗ ಕೇಳಸ್ತಿತ್ತಲ್ಲ. ನಿನಗೂ ಕೇಳಸ್ತೈತಿ, ಏನರ ಆದ್ರ ಎದ್ದು ಬರ್ತಿ ಅನ್ಕೊಂಡು ಮಲಗ್ತಿದ್ನಿ” ಎಂದರು.

ಮುಲುಂಡದ ಗೋಡೆ ಹಲಗೆಯದಲ್ಲ, ಇಟ್ಟಿಗೆಯದು. ನಾನು ಫ್ಯಾನ್ ಬೇರೆ ಜೋರು ಮಾಡಿರುತ್ತಿದ್ದೆ. ಇವರು ಅಷ್ಟು ದಿನವೂ ನನ್ನ ಕಿವಿಯನ್ನು ನಂಬಿ ಮಲಗಿದ್ದರು. ತಟ್ಟೆ ಎತ್ತಿಟ್ಟು, ಕೈ ತೊಳೆದು, ಆ ಕೋಣೆಯಿಂದ ನನ್ನ ಚಾದರ, ದಿಂಬು ಎರಡನ್ನೂ ತಂದು ಇವರ ಮಂಚದ ಮೇಲೆ ಹಾಕಿದೆ. “ಮಾಸ್ಕ ಹಾಕ್ಕೊಂಡ್ರ ನಾ ಇಲ್ಲೇ ಮಲಗ್ತೀನಿ. ಇಲ್ಲಂದ್ರ ನೋಡ್ರಿ” ಎಂದೆ. ಇಲ್ಲದಿದ್ದರೂ ಅಲ್ಲೇ ಮಲಗುತ್ತಿದ್ದೆ, ಅದು ಅವರಿಗೆ ಗೊತ್ತಾಗುವುದು ಬೇಡವಾಗಿತ್ತು.

ಅಂದು ರಾತ್ರಿ ಮಾಸ್ಕ್ ಕಟ್ಟಿಕೊಂಡರು. ಪಟ್ಟಿ ಬಿಗಿಮಾಡಿದ್ದು ನಾನೇ. ಮಷೀನು ಸಣ್ಣಗೆ ಗಾಳಿ ಊದತೊಡಗಿತು, ಇವರು ಮಲಗಿದರು, ಸದ್ದೇ ಇಲ್ಲ. ಮದುವೆಯಾದಂದಿನಿಂದ ಬೇಡಿಕೊಂಡದ್ದು ಇದನ್ನೇ. ಈಗ ಬಂದಾಗ ನನಗೆ ನಿದ್ದೆ ಹತ್ತಲಿಲ್ಲ. ಕತ್ತಲಲ್ಲಿ ಅವರ ಎದೆಯ ಮೇಲೆ ಕೈಯಿಟ್ಟೆ. ಏರಿತು, ಇಳಿಯಿತು. ಕೈ ತೆಗೆದೆ, ಮತ್ತೆ ಹೆದರಿಕೆಯಾಗಿ ಇಟ್ಟೆ. ಹತ್ತು ಎಣಿಸುವುದರೊಳಗೆ ಪ್ರತಿ ಸಲವೂ ಉಸಿರು ಬಂತು. ಬೆಳಗಿನ ಜಾವದ ಹೊತ್ತಿಗೆ ಅವರ ಮೈ ಅಲುಗಿದ ಹಾಗಾಯಿತು. ಗಡಿಯಾರ ನೋಡಿದೆ. ನಾಲ್ಕು ಗಂಟೆ ಹದಿನೈದು ನಿಮಿಷ. ಇಷ್ಟು ವರ್ಷವಾದರೂ ಆ ಹೊತ್ತಿಗೆ ಅವರಿಗೆ ಎಚ್ಚರವಾಗುವುದು ತಪ್ಪಿರಲಿಲ್ಲ. ನಾನು ಎದ್ದು ಕೂತಿದ್ದೆ, ಕೈ ಇನ್ನೂ ಎದೆಯ ಮೇಲಿತ್ತು.

ಇವರು ಮಾಸ್ಕನ್ನು ಒಂದು ಕೈಯಿಂದ ಸ್ವಲ್ಪ ಸರಿಸಿದರು. ಇನ್ನೊಂದು ಕೈಯನ್ನು ನನ್ನ ತಲೆಯ ಮೇಲಿಟ್ಟರು.

“ನೀರ ತುಂಬಾಕತ್ತಾರ,” ಎಂದರು. “ನೀ ಮಲಕೋ.”

ಮಾಸ್ಕನ್ನು ಮತ್ತೆ ಅವರ ಮೂಗಿನ ಮೇಲೆ ಸರಿಯಾಗಿ ಕೂರಿಸಿ ನಾನು ಮಲಗಿದೆ. ಕಣ್ಣು ಬಿಟ್ಟಾಗ ಐದೂವರೆಯಾಗಿತ್ತು.